ಬೋರ್ ಮಾದರಿ ಇಲ್ಲದೆ ಕ್ವಾಂಟಮ್ ಶುರು ಮಾಡಬಹುದಾ?

ಬಿಎಸ್ಸಿ ಮೇಡಂ: ಪಿಯುಸಿಯಲ್ಲಿ ಬೋರ್ ಮಾದರಿ (ಎಲೆಕ್ಟ್ರಾನ್ ನ್ಯೂಕ್ಲಿಯಸ್ ಸುತ್ತ ವೃತ್ತದ ಕಕ್ಷೆಯಲ್ಲಿ ಸುತ್ತುತ್ತದೆ ಅನ್ನೋದು) ಕಲಿಸೋದನ್ನು ನಿಲ್ಲಿಸಬೇಕು. ಆರ್ಬಿಟಲ್, ಅಂದರೆ ಎಲೆಕ್ಟ್ರಾನ್ ಸಿಗಬಹುದಾದ ಮೋಡದಂಥ ಜಾಗ, ಬಿಡಿಸಿ ಅಂದರೆ ನನ್ನ ಮಕ್ಕಳು ಈಗಲೂ ಕೈವಾರ ತೆಗೆಯುತ್ತಾರೆ. ಬೋರ್ ಪ್ರಕಾರ ಹೈಡ್ರೋಜನ್‌ನ ತೀರಾ ಕೆಳಗಿನ ಮಟ್ಟದಲ್ಲೂ ಎಲೆಕ್ಟ್ರಾನ್‌ಗೆ ಆಂಗ್ಯುಲರ್ ಮೊಮೆಂಟಮ್ (ಕಕ್ಷೆಯಲ್ಲಿ ಸುತ್ತುವುದರ ಅಳತೆ) ಇದೆ. ನಿಜದಲ್ಲಿ ಅದು ಸೊನ್ನೆ. ಬದಲಿಗೆ 1922ರ ಸ್ಟರ್ನ್–ಗೆರ್ಲಾಖ್ ಪ್ರಯೋಗದಿಂದಲೇ ಶುರು ಮಾಡಿ. ಬೆಳ್ಳಿಯ ಪರಮಾಣುಗಳು ಅಯಸ್ಕಾಂತದ ನಡುವೆ ಹಾದು ಎರಡೇ ಪಾಲಾಗುತ್ತವೆ. ಕಕ್ಷೆ ಗಿಕ್ಷೆ ಏನೂ ಬೇಡ.

ಪಿಯು ಮೇಷ್ಟ್ರು: ಕೈವಾರ ತೆಗೆದರೆ ತೆಗೀಲಿ ಬಿಡಿ ಮೇಡಂ. ಬೋರ್ ಇದ್ದರೆ ಹೈಡ್ರೋಜನ್‌ನಿಂದ ಎಲೆಕ್ಟ್ರಾನ್ ಕೀಳೋಕೆ ಬೇಕಾದ 13.6 ಎಲೆಕ್ಟ್ರಾನ್ ವೋಲ್ಟ್ ಅರ್ಧ ಪುಟದ ಲೆಕ್ಕದಲ್ಲಿ ಸಿಗುತ್ತದೆ. ಹೈಡ್ರೋಜನ್ ಬೆಳಕಿನ 656 ನ್ಯಾನೋಮೀಟರ್‌ನ ಕೆಂಪು ಗೆರೆಯನ್ನು ಮಕ್ಕಳೇ ಲೆಕ್ಕ ಹಾಕುತ್ತಾರೆ. ಅಂದ ಹಾಗೆ, ಸ್ಟರ್ನ್ ಆ ಪ್ರಯೋಗ ಮಾಡಿದ್ದೇ ಬೋರ್ ದಾರಿಯ ಸಿದ್ಧಾಂತವನ್ನು ಒರೆಗೆ ಹಚ್ಚೋಕೆ!

ತರಲೆ ಕಣ: ಒರೆಗೆ ಹಚ್ಚೋದು ಬೇರೆ, ಸರಿ ಅಂತ ತೋರಿಸೋದು ಬೇರೆ ಸಾರ್.

ಪಿಯು ಮೇಷ್ಟ್ರು: ಓ ಹಾಗಾ? 1922ರ ಫೆಬ್ರವರಿಯಲ್ಲಿ ಗೆರ್ಲಾಖ್ ಬೋರ್‌ಗೆ ಪೋಸ್ಟ್‌ಕಾರ್ಡ್ ಹಾಕಿ, ನಿಮ್ಮ ಸಿದ್ಧಾಂತ ನಿಜವಾಯಿತು ಅಂತ ಅಭಿನಂದಿಸಿದ್ದರು. ಓದಿ ಬನ್ನಿ.

ತರಲೆ ಕಣ: ಪೋಸ್ಟ್‌ಕಾರ್ಡ್ ಹಾಕಿದರೆ ಸತ್ಯ ಆಗಿಬಿಡುತ್ತಾ? ಬೆಳ್ಳಿಯ ಹೊರಗಿನ ಎಲೆಕ್ಟ್ರಾನ್ ಇರೋದು 5ಎಸ್ ಅನ್ನೋ ಆರ್ಬಿಟಲ್‌ನಲ್ಲಿ. ಅದಕ್ಕೆ ಕಕ್ಷೆಯ ಮೊಮೆಂಟಮ್ಮೇ ಇಲ್ಲ. ಕಿರಣ ಸೀಳಿದ್ದು ಎಲೆಕ್ಟ್ರಾನ್‌ಗೆ ಹುಟ್ಟಿನಿಂದಲೇ ಇರುವ ಆಂಗ್ಯುಲರ್ ಮೊಮೆಂಟಮ್ ಆದ ಸ್ಪಿನ್‌ನಿಂದ. ಆ ಕಲ್ಪನೆ ಬಂದಿದ್ದೇ 1925ರಲ್ಲಿ. ಎರಡೇ ಪಾಲು ಅನ್ನೋ ಬೋರ್ ಲೆಕ್ಕ ಹೊಂದಿದ್ದು ಅದೃಷ್ಟ.

ಪಿಯು ಮೇಷ್ಟ್ರು: ಅದೃಷ್ಟವಂತೆ! ನೊಬೆಲ್ ಕೊಟ್ಟವರಿಗೆ ಬುದ್ಧಿ ಇರಲಿಲ್ವಾ?

ತರಲೆ ಕಣ: ನೊಬೆಲ್ಲಾ? ಸ್ಟರ್ನ್‌ಗೆ 1943ರ ನೊಬೆಲ್ ಕೊಟ್ಟಾಗ ಕಾರಣದಲ್ಲಿ ಈ ಪ್ರಯೋಗದ ಹೆಸರೇ ಇಲ್ಲ.

ಬಿಎಸ್ಸಿ ಮೇಡಂ: ನೊಬೆಲ್ ವಿಚಾರ ಯಾರಿಗೆ ಬೇಕಿತ್ತು? ಮಕ್ಕಳ ತಲೆಯಲ್ಲಿ ಕೂತ ವೃತ್ತ ತೆಗೆಯೋದು ಹೇಗೆ ಅಂತ ಒಬ್ಬರಾದರೂ ಹೇಳಿದಿರಾ?

ಸೆಕೆಂಡ್ ಪಿಯು ಹುಡುಗ: ನನಗೆ ಸ್ವಲ್ಪ ಅರ್ಥ ಆಗಿದ್ದು 1989ರಲ್ಲಿ ಟೊನೊಮುರಾ ತಂಡ ಮಾಡಿದ ಪ್ರಯೋಗ ನೋಡಿ. ಎಲೆಕ್ಟ್ರಾನ್ ಒಂದೊಂದಾಗಿ ಬರುತ್ತೆ, ಪರದೆ ಮೇಲೆ ಒಂದೊಂದೇ ಚುಕ್ಕಿ. ಮೊದಲು ಸುಮ್ನೆ ಚೆಲ್ಲಾಪಿಲ್ಲಿ. ಸಾವಿರಾರು ಬಿದ್ದ ಮೇಲೆ ಅಲೆಗಳು ಬೆರೆತಾಗ ಬರೋ ಥರ ಪಟ್ಟೆ ಪಟ್ಟೆ! ಇದನ್ನು ಕ್ಲಾಸಲ್ಲಿ ಯಾಕೆ ತೋರಿಸಲ್ಲ?

ಪಿಯು ಮೇಷ್ಟ್ರು: ತೋರಿಸೋಕೆ ಪ್ರೊಜೆಕ್ಟರ್ ನೀನು ಕೊಡಿಸ್ತೀಯೇನಪ್ಪಾ? ಸಿಇಟಿಯಲ್ಲಿ ಕೇಳೋದು ಬೋರ್ ತ್ರಿಜ್ಯ, ಚುಕ್ಕಿ ಅಲ್ಲ.

ತರಲೆ ಕಣ: ಅಂತೂ ನಿಜ ಬಾಯಿಗೆ ಬಂತು. ಸಿಇಟಿ!

ಪಿಯು ಮೇಷ್ಟ್ರು: ನಿಮ್ಮ ಹತ್ತಿರ ವಾದ ಮಾಡೋಕೆ ನನಗೆ ಟೈಮಿಲ್ಲ. ಬೋರ್ ಸಿದ್ಧಾಂತವನ್ನು ಬೆಳೆಸಿದ ಸಾಮರ್ಫೆಲ್ಡ್ ಆ ಕಿರಣ ಮೂರು ಪಾಲು ಅಂದಾಗ ಎರಡೇ ಅಂತ ಹೇಳಿದ್ದು ಯಾರು? ಮೊದಲು ಅದಕ್ಕೆ ಉತ್ತರ ಕೊಡಿ.