‘ಹೀರೋಸ್ ಫಾರ್ ಹೈರ್’: ಬಾಡಿಗೆಯೋ, ಬಾಡಿಗೆಗೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮಾರ್ವೆಲ್‌ನವರ ‘ಪವರ್ ಮ್ಯಾನ್ ಅಂಡ್ ಐರನ್ ಫಿಸ್ಟ್’ ಕಾಮಿಕ್ಸ್ ಬಗ್ಗೆ ಕನ್ನಡದಲ್ಲೊಂದು ಪರಿಚಯ ಲೇಖನ ತಯಾರಾಗುತ್ತಿದೆ. ಲ್ಯೂಕ್ ಕೇಜ್ (ಪವರ್ ಮ್ಯಾನ್), ಡ್ಯಾನಿ ರ‍್ಯಾಂಡ್ (ಐರನ್ ಫಿಸ್ಟ್) ಎಂಬಿಬ್ಬರು ನ್ಯೂಯಾರ್ಕಿನಲ್ಲಿ ದುಡ್ಡು ಪಡೆದು ಕಂಡವರ ಪರವಾಗಿ ಹೊಡೆದಾಡುವ ಕಥೆ. ಅವರ ಕಂಪನಿಯ ಹೆಸರು ‘ಹೀರೋಸ್ ಫಾರ್ ಹೈರ್’. ಕರಡಿನಲ್ಲಿ ಇದು ‘ಬಾಡಿಗೆ ವೀರರು’ ಎಂದಾಗಿದೆ. ಓದಿದವರೊಬ್ಬರು ‘ಬೈದ ಹಾಗಿದೆಯಲ್ಲ’ ಅಂದರು. ಯಾಕೆ ಹಾಗೆ ಕೇಳಿಸುತ್ತದೆ? ‘ವಿಜಿಲಾಂಟಿ’, ‘ಪಾರ್ಟ್ನರ್’ ಇವಕ್ಕೆ ಏನು ಬಳಸಬಹುದು? ‘ಐರನ್ ಫಿಸ್ಟ್’ ಅನ್ನು ‘ವಜ್ರಮುಷ್ಟಿ’ ಮಾಡಿದರೆ ಸರಿಹೋದೀತೆ?

ಉತ್ತರ 1

ಓದಿದವರ ಕಿವಿ ಚುರುಕಾಗಿದೆ. ‘ಬಾಡಿಗೆ’ ವಸ್ತುವಿನ ಹಿಂದೆ ಕೂತರೆ ತೊಂದರೆಯಿಲ್ಲ: ಬಾಡಿಗೆ ಮನೆ, ಬಾಡಿಗೆ ಸೈಕಲ್ಲು. ಅದೇ ಮನುಷ್ಯನ ಹಿಂದೆ ಕೂತರೆ ಅವನಿಂದ ಏನನ್ನೋ ಕಳೆಯುತ್ತದೆ. ಬಾಡಿಗೆ ಗೂಂಡಾ, ಬಾಡಿಗೆ ಹಂತಕ ಅಂದಾಗ ಅವನಿಗೆ ಸ್ವಂತ ಹಗೆಯೂ ಇಲ್ಲ, ಸ್ವಂತ ನ್ಯಾಯವೂ ಇಲ್ಲ ಎಂದಾಯಿತು. ‘ಬಾಡಿಗೆ ತಾಯಿ’ಯಲ್ಲೂ ತಾಯ್ತನ ಪೂರ್ತಿ ಆಕೆಯದಲ್ಲ ಎಂಬ ಸೂಚನೆ ಇದ್ದೇ ಇದೆ. ಹಾಗಾಗಿ ‘ಬಾಡಿಗೆ ವೀರ’ ಅಂದರೆ ನಿಜವಾದ ವೀರನಲ್ಲ, ದುಡ್ಡಿಗೆ ವೇಷ ಕಟ್ಟಿದವನು. ‘ಬಾಡಿಗೆ ಹೀರೋ’ ಅಂತೂ ಇನ್ನೂ ಎಡವಟ್ಟು, ಸಿನಿಮಾ ಶೂಟಿಂಗಿನ ಮಾತಾಗಿಬಿಡುತ್ತದೆ.

ಇಂಗ್ಲಿಷ್ ಹೆಸರು ಹೇಳುವುದು ಬೇರೆ. ಹಳೆಯ ಆಟೋ ಮೀಟರಿನ ಬಾವುಟದ ಮೇಲೆ ‘ಫಾರ್ ಹೈರ್’ ಅಂತಿರುತ್ತಿತ್ತು. ಬಾವುಟ ಮೇಲಿದ್ದರೆ ಗಾಡಿ ಖಾಲಿ, ಕೈ ತೋರಿಸಬಹುದು. ಕೇಜ್ ಹಾಕಿಕೊಂಡದ್ದು ಅಂಥದೇ ಬೋರ್ಡು. 1972ರ ಮೊದಲ ಸಂಚಿಕೆಯಲ್ಲಿ ಅವನು ಒಂದು ಹೋಟೆಲಿನಲ್ಲಿ ದರೋಡೆಕೋರನನ್ನು ಬಡಿದು ಹಾಕುತ್ತಾನೆ, ಮಾಲೀಕ ಖುಷಿಯಾಗಿ ಕಾಸು ಕೊಡುತ್ತಾನೆ, ಇದನ್ನೇ ಕಸುಬು ಮಾಡಿಕೊಂಡರಾಯಿತಲ್ಲ ಎಂದು ಅವನಿಗೆ ಹೊಳೆಯುತ್ತದೆ. ಟೈಮ್ಸ್ ಸ್ಕ್ವೇರ್ ಹತ್ತಿರ ಒಂದು ಸಿನಿಮಾ ಥಿಯೇಟರಿನ ಮಹಡಿಯಲ್ಲಿ ಆಫೀಸು. ವೀರತನ ಅವನದೇ, ಬಾಡಿಗೆಗೆ ಇರುವುದು ಅವನ ಸಮಯ ಮತ್ತು ಮೈಬಲ.

ಈ ವ್ಯತ್ಯಾಸವನ್ನು ಕನ್ನಡದಲ್ಲಿ ಒಂದೇ ಒಂದು ವಿಭಕ್ತಿ ಪ್ರತ್ಯಯ ತೋರಿಸಿಕೊಡುತ್ತದೆ. ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು ನೋಡಿ. ಆ ‘ಗೆ’ ಬಂದ ಕೂಡಲೇ ‘ಸಿಗುತ್ತದೆ, ಬಂದು ಕೇಳಿ’ ಎಂಬ ಅರ್ಥ ಹುಟ್ಟುತ್ತದೆ. ಆದ್ದರಿಂದ ‘ವೀರರು ಬಾಡಿಗೆಗಿದ್ದಾರೆ’ ಎಂದರೆ ಅರ್ಥವೂ ಸರಿ, ಮೂಲದ ತುಂಟತನವೂ ಉಳಿಯುತ್ತದೆ. ‘ಬಾಡಿಗೆಗೆ ವೀರರು’ ಎಂದೂ ಇಡಬಹುದು. ಆದರೆ ಅಚ್ಚಿಗೆ ಹೋಗುವಾಗ ಹುಷಾರು: ‘ಗೆಗೆ’ ಕಂಡರೆ ಕರಡು ತಿದ್ದುವವರು ಕೈತಪ್ಪಿ ಎರಡು ಸಲ ಬಿದ್ದಿದೆ ಅಂದುಕೊಂಡು ಒಂದನ್ನು ಹೊಡೆದುಹಾಕುತ್ತಾರೆ, ನೀವು ಮತ್ತೆ ‘ಬಾಡಿಗೆ ವೀರರು’ ಜಾಗಕ್ಕೇ ಬಂದಿರುತ್ತೀರಿ. ‘ಬಾಡಿಗೆಗಿದ್ದಾರೆ’ಯಲ್ಲಿ ಆ ಅಪಾಯ ಕಡಿಮೆ. ಕೇಜ್ ಒಬ್ಬನೇ ಇದ್ದ ಕಾಲದಲ್ಲಿ ಹೆಸರು ಏಕವಚನದಲ್ಲಿತ್ತು ಎಂಬುದನ್ನೂ ಮರೆಯಬೇಡಿ. 1974ರಲ್ಲಿ, 17ನೇ ಸಂಚಿಕೆಯಿಂದ, ಶೀರ್ಷಿಕೆಗೆ ‘ಪವರ್ ಮ್ಯಾನ್’ ಬಂತು. 48ನೇ ಸಂಚಿಕೆಯಲ್ಲಿ ಡ್ಯಾನಿ ಎದುರಾದ. 50ನೇ ಸಂಚಿಕೆಯಿಂದ, 1978ರಲ್ಲಿ, ಇಬ್ಬರ ಹೆಸರೂ ಮುಖಪುಟಕ್ಕೆ ಬಂದು 1986ರ 125ನೇ ಸಂಚಿಕೆಯವರೆಗೂ ಹಾಗೇ ನಡೆಯಿತು. 1972ರ ಮಾತು ಬರೆಯುವಾಗ ‘ವೀರರು’ ಎಂದರೆ ತಪ್ಪು.

‘ವಿಜಿಲಾಂಟಿ’ ಸ್ಪ್ಯಾನಿಷ್‌ನಿಂದ ಬಂದದ್ದು, ಅಲ್ಲಿ ಅದರ ಅರ್ಥ ಬರೀ ಕಾವಲುಗಾರ. ನಿಘಂಟು ನಂಬಿ ‘ಜಾಗೃತ’ದ ಕಡೆ ಹೋಗಬೇಡಿ. ನಮ್ಮಲ್ಲಿ ‘ಜಾಗೃತ ದಳ’ ಅಂದರೆ ಕರೆಂಟು ಕದಿಯುವವರನ್ನು ಹಿಡಿಯಲು ಬರುವ ಬೆಸ್ಕಾಂ ಅಧಿಕಾರಿಗಳು, ಅಂದರೆ ಕಾನೂನಿನ ಕಡೆಯವರು, ಇಂಗ್ಲಿಷಿನ ‘ವಿಜಿಲಾಂಟಿ’ಗೆ ಪೂರಾ ತದ್ವಿರುದ್ಧ. ಪೇಪರಿನಲ್ಲಿ ಓಡಾಡುವ ‘ಪೊಲೀಸ್‌ಗಿರಿ’ಗೆ ಬೇರೆಯೇ ವಾಸನೆ ಹತ್ತಿದೆ. ‘ಕಾನೂನನ್ನು ಕೈಗೆತ್ತಿಕೊಳ್ಳುವವರು’ ಎಂಬುದೇ ಬಳಕೆಯ ಮಾತು. ಲೇಖನದಲ್ಲಿ ಒಮ್ಮೆ ಹಾಗೆ ಬರೆದು, ಮುಂದೆ ‘ವಿಜಿಲಾಂಟಿ’ ಎಂದೇ ಇಟ್ಟುಕೊಳ್ಳಿ.

ಅದಕ್ಕಿಂತ ಮೊದಲು, ಈ ಜೋಡಿಗೆ ಆ ಪದ ಒಪ್ಪುತ್ತದೆಯೇ ನೋಡಿ. ಶುರುವಿನಲ್ಲಿ ಕೇಜ್, ಸುಳ್ಳು ಕೇಸಿನಲ್ಲಿ ಸೀಗೇಟ್ ಜೈಲು ಸೇರಿ, ಅಲ್ಲಿ ನಡೆದ ಪ್ರಯೋಗದಿಂದ ಚರ್ಮ ಉಕ್ಕಿನಂತಾಗಿ, ತಪ್ಪಿಸಿಕೊಂಡು ಬಂದು ಹೆಸರು ಬದಲಿಸಿಕೊಂಡ ಕೈದಿ. ಜೋಡಿಯಾಗುವ ಹೊತ್ತಿಗೆ ಆ ಕಳಂಕ ಕಳೆಯುತ್ತದೆ. ಆಮೇಲೆ ಕಂಪನಿ, ವಕೀಲ, ಗಿರಾಕಿ, ಬಿಲ್ಲು. ಇದು ಖಾಸಗಿ ಪತ್ತೇದಾರನ ಕಸುಬಿಗೆ ಹತ್ತಿರ. ಕೇಳದೆ ನ್ಯಾಯ ಮಾಡಲು ಇಳಿಯುವವನು ವಿಜಿಲಾಂಟಿ. ಇವರು ಗಿರಾಕಿ ಬಂದು ಕೇಳಿದ ಮೇಲೆ ಎದ್ದು ಹೋಗುವವರು.

‘ಪಾರ್ಟ್ನರ್’ಗೆ ಒಂದೇ ಪದ ಹುಡುಕುವುದು ವ್ಯರ್ಥ. ಕಂಪನಿಯ ವ್ಯವಹಾರದಲ್ಲಿ ‘ಪಾಲುದಾರ’, ಹೊಡೆದಾಟದಲ್ಲಿ ‘ಜೊತೆಗಾರ’. ‘ಸಂಗಾತಿ’ ಅಂದರೆ ಮದುವೆಯ ಮಾತು. ‘ಸಹಚರ’ನನ್ನು ಕ್ರೈಂ ವರದಿಗಾರರು ಕೆಡಿಸಿಟ್ಟಿದ್ದಾರೆ, ರೌಡಿಗೆ ಮಾತ್ರ ಸಹಚರರಿರುತ್ತಾರೆ. ‘ಬಲಗೈ ಬಂಟ’ ಅಂದರೆ ಒಬ್ಬ ಮೇಲು, ಒಬ್ಬ ಕೆಳಗು. ಇಲ್ಲಿ ನ್ಯೂಯಾರ್ಕಿನ ಹಾರ್ಲೆಂ ಬಡಾವಣೆಯ ಕರಿಯ ಹುಡುಗನೂ ಬಿಳಿಯ ಶ್ರೀಮಂತನ ಮಗನೂ ಸಮಪಾಲಿನವರು, ಕಥೆಯ ಜೀವವೇ ಅದು. ಒಬ್ಬರನ್ನೊಬ್ಬರು ‘ನೀನು’ ಎನ್ನಲಿ, ಗಿರಾಕಿಗೆ ‘ನೀವು’.

‘ವಜ್ರಮುಷ್ಟಿ’ ಚೆಂದದ ಪದ, ಆದರೆ ಅದಕ್ಕೆ ಮೈಸೂರಿನಲ್ಲಿ ಆಗಲೇ ಮಾಲೀಕರಿದ್ದಾರೆ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ಸಿಕ್ಕಿಸಿಕೊಂಡು ಕಾದುವ ಆಯುಧ ಅದು. ಎದುರಾಳಿಯ ತಲೆಯಲ್ಲಿ ಒಂದು ಹನಿ ರಕ್ತ ಕಂಡರೆ ಕಾಳಗ ಮುಗಿಯಿತು. ಡ್ಯಾನಿಯದು ಬರಿಗೈ. ಕುನ್-ಲುನ್ ಎಂಬ ಗುಪ್ತ ನಗರದಲ್ಲಿ ಡ್ರ್ಯಾಗನ್ ಜತೆ ಸೆಣಸಿ ಪಡೆದ ಶಕ್ತಿಯನ್ನು ಮುಷ್ಟಿಗೆ ಹರಿಸುತ್ತಾನೆ, ಅದು ಕೆಂಡದಂತೆ ಹೊಳೆಯುತ್ತದೆ. ‘ವಜ್ರಮುಷ್ಟಿ’ ಅಂದರೆ ಓದುಗ ಅವನ ಕೈಯಲ್ಲಿ ಆಯುಧ ಹುಡುಕುತ್ತಾನೆ. ಅರ್ಥ ಹೇಳಲೇಬೇಕಿದ್ದರೆ ‘ಉಕ್ಕಿನ ಮುಷ್ಟಿ’ ಎನ್ನಿ. ‘ಕಬ್ಬಿಣ’ ಬೇಡ, ಪಟೇಲರನ್ನೂ ನಾವು ‘ಉಕ್ಕಿನ ಮನುಷ್ಯ’ ಎಂದೇ ಕರೆದದ್ದು. ‘ಪವರ್ ಮ್ಯಾನ್’ ಹಾಗೇ ಇರಲಿ. ‘ಶಕ್ತಿಮಾನ್’ ಎಂದಿರೋ, ದೂರದರ್ಶನ ನೋಡಿ ಬೆಳೆದವರೆಲ್ಲ ಗಿರಗಿರನೆ ತಿರುಗುವವನನ್ನೇ ನೆನೆಯುತ್ತಾರೆ.

ಉತ್ತರ 2

ಮೇಲಿನದಕ್ಕೆ ಬಹುಪಾಲು ಒಪ್ಪಿಗೆ. ಆದರೆ ಕೇಜ್ ಪಡೆಯುವ ಹಣವನ್ನೂ ‘ಬಾಡಿಗೆ’ ಅನ್ನಬೇಡಿ. ಕನ್ನಡದಲ್ಲಿ ಹಣದ ಹೆಸರು ಕೆಲಸದ ಮೇಲೆ ಹೋಗುತ್ತದೆ: ವಕೀಲನಿಗೆ ಫೀಸು, ಕಲಾವಿದನಿಗೆ ಸಂಭಾವನೆ, ಪುರೋಹಿತನಿಗೆ ದಕ್ಷಿಣೆ, ಮೈ ಬಗ್ಗಿಸಿ ದುಡಿದವನಿಗೆ ಕೂಲಿ. ಕೇಜ್‌ಗೆ ‘ಕೂಲಿ’ಯೇ ಸರಿ. 1973ರ ಒಂದು ಕಂತಿನಲ್ಲಿ ಡಾಕ್ಟರ್ ಡೂಮ್ ಅವನಿಂದ ಕೆಲಸ ಮಾಡಿಸಿಕೊಂಡು 200 ಡಾಲರ್ ಕೊಡದೆ ಊರಿಗೆ ಹೋಗಿಬಿಡುತ್ತಾನೆ. ಡೂಮ್ ಒಂದು ದೇಶದ ದೊರೆ. ಕೇಜ್, ಫೆಂಟಾಸ್ಟಿಕ್ ಫೋರ್ ಎಂಬ ಇನ್ನೊಂದು ವೀರರ ತಂಡದ ವಿಮಾನ ಕಡ ತಂದು ಆ ದೇಶ ಲಾಟ್ವೇರಿಯಾಕ್ಕೇ ಹೋಗಿ ವಸೂಲಿಗೆ ನಿಲ್ಲುತ್ತಾನೆ. ‘ನನ್ನ ಫೀಸು ಬಾಕಿ ಇದೆ’ ಅಂದರೆ ಡಾಕ್ಟರ ಮಾತಾಗುತ್ತದೆ, ‘ನನ್ನ ಬಾಡಿಗೆ’ ಅಂದರೆ ಮನೆ ಮಾಲೀಕನದು. ‘ನನ್ನ ಕೂಲಿ ಕೊಡು’ ಅಂದಾಗ ಹಾರ್ಲೆಂನವನ ಸ್ವಾಭಿಮಾನ ಕೇಳಿಸುತ್ತದೆ.

ಹಳಗನ್ನಡದ ಆಸೆಯಿಂದ ಯಾರಾದರೂ ‘ಜೋಳವಾಳಿ’ ಸೂಚಿಸಿಯಾರು ಎಂದು ಈಗಲೇ ಹೇಳುತ್ತೇನೆ: ಅದು ಉಂಡ ಜೋಳದ ಋಣಕ್ಕೆ ಒಬ್ಬನೇ ಒಡೆಯನಿಗಾಗಿ ಪ್ರಾಣ ಕೊಡುವ ಬಂಟತನ. ಬಾಗಿಲು ತಟ್ಟಿದವರಿಗೆಲ್ಲ ಕೆಲಸ ಮಾಡಿಕೊಡುವವರಿಗೆ ಅದು ಹೊಂದುವುದಿಲ್ಲ.