ಅಪ್‌ಡೇಟ್: ಕ್ರೀಮ್ ಇಲ್ಲದ ಚಿಕನ್ ಕ್ಯಾಸರೋಲ್ ಕೊನೆಗೂ ಸರಿಯಾಯಿತು

ಹೋದ ವಾರ ಕೇಳಿದ್ದೆ ಅಲ್ವಾ, ಅಪ್ಪನಿಗೆ ಡಾಕ್ಟರು ಬೆಣ್ಣೆ, ಕ್ರೀಮ್ ಬಿಡಿ ಅಂದಿದ್ದಾರೆ, ಹಗುರವಾದ ಚಿಕನ್ ಕ್ಯಾಸರೋಲ್ (ಓವನ್‌ನಲ್ಲಿ ಗ್ರೇವಿ ಜೊತೆ ಬೇಯಿಸುವ ಚಿಕನ್) ಹೇಗೆ ಮಾಡೋದು ಅಂತ. ಎರಡು ಸಲ ಮಾಡಿದೆ.

ಕ್ರೀಮ್ ಬದಲು ಮೊಸರು ಅಂದಿದ್ದಿರಿ. ಮೊದಲ ಸಲ ಫ್ರಿಜ್ಜಿನಿಂದ ತೆಗೆದ ಮೊಸರನ್ನು ಹಾಗೇ ಬಿಸಿ ಗ್ರೇವಿಗೆ ಸುರಿದೆ, ಒಡೆದು ನೀರು ಬೇರೆ, ಗಂಟು ಬೇರೆ ಆಯಿತು. ಭಾನುವಾರ ಮೊಸರನ್ನು ಮೊದಲೇ ಹೊರಗಿಟ್ಟು, ಒಂದು ಚಮಚ ಕಡಲೆ ಹಿಟ್ಟು ಹಾಕಿ ಚೆನ್ನಾಗಿ ಕಡೆದು, ಉರಿ ಸಣ್ಣ ಮಾಡಿ ಸ್ವಲ್ಪ ಸ್ವಲ್ಪವೇ ಬೆರೆಸಿದೆ. ಒಂಚೂರೂ ಒಡೆಯಲಿಲ್ಲ!

ಚರ್ಮ ತೆಗೆದ ಚಿಕನ್ ಮುಕ್ಕಾಲು ಕಿಲೋ, ಎಣ್ಣೆ ಎರಡೇ ಚಮಚ. ಹುಬ್ಬಳ್ಳಿ ಜನತಾ ಬಜಾರಿನಿಂದ ತಂದ ಗಜ್ಜರಿ, ಬೀನ್ಸ್, ಉಳ್ಳಾಗಡ್ಡಿ ಜಾಸ್ತಿನೇ ಹಾಕಿದೆ. ಓವನ್‌ನಲ್ಲಿ 180 ಡಿಗ್ರಿ, ಮುಚ್ಚಿ 40 ನಿಮಿಷ, ತೆರೆದು 10 ನಿಮಿಷ. ಅಂಚಿನಲ್ಲಿ ಗ್ರೇವಿ ಕಂದು ಬಣ್ಣಕ್ಕೆ ತಿರುಗಿ ಗುಳುಗುಳು ಅನ್ನುತ್ತಿತ್ತು.

ಅಪ್ಪ ಬಿಸಿ ಜೋಳದ ರೊಟ್ಟಿ ಮುರಿದು ತಾಟು ಒರೆಸಿ ಉಂಡರು, ಅದನ್ನು ನೋಡಿ ನನಗೆ ಹೊಟ್ಟೆ ತುಂಬಿತು. ಮಗಳು ಬೀನ್ಸ್ ಮಾತ್ರ ಬದಿಗಿಟ್ಟಳು. ಮುಂದಿನ ಸಲ ಹೂಕೋಸು ಹಾಕುತ್ತೇನೆ. ಕಡಲೆ ಹಿಟ್ಟಿನ ಉಪಾಯ ಹೇಳಿದ ಅಕ್ಕನಿಗೆ ತುಂಬಾ ಥ್ಯಾಂಕ್ಸ್.