ಹಳೇ ಬಿಟ್‌ಕಾಯಿನ್ ನಾಣ್ಯ ಅಸಲಿ ಅಂತ ಗೊತ್ತಾಗೋದು ಹೇಗೆ?

ಗದಗಿನ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಅಮೆರಿಕದಲ್ಲಿದ್ದಾಗ 2011ರಲ್ಲಿ ತಗೊಂಡಿದ್ದ ಕ್ಯಾಸಾಶಿಯಸ್ ನಾಣ್ಯ (ಡಿಜಿಟಲ್ ದುಡ್ಡಾದ ಬಿಟ್‌ಕಾಯಿನ್ ಒಳಗಿಟ್ಟು ಮಾಡಿದ ಲೋಹದ ನಾಣ್ಯ) ಈಗ ನನಗೆ ಕೊಟ್ಟಿದ್ದಾರೆ. 1 ಬಿಟ್‌ಕಾಯಿನ್‌ದು. ಹಿಂದೆ ಹೊಳೆಯುವ ಹೊಲೊಗ್ರಾಂ ಸ್ಟಿಕ್ಕರ್ ಇದೆ, ಅದರಲ್ಲಿ ಪುಟ್ಟ ಕಿಂಡಿ, ಕಿಂಡಿಯಲ್ಲಿ ಎಂಟು ಅಕ್ಷರ. ಪತ್ತಾರರಿಗೆ ತೋರಿಸಿದೆ. ಕೈಯಲ್ಲಿ ತೂಗಿ ನೋಡಿ, "ಹಿತ್ತಾಳಿ ಐತಿ ತಮ್ಮಾ" ಅಂದರು. ಸ್ಟಿಕ್ಕರ್ ಮೇಲೆ ಕ್ಯಾಸಾಶಿಯಸ್ ಹೆಸರಿನ ಇಂಗ್ಲಿಷ್ ಸ್ಪೆಲಿಂಗೂ ತಪ್ಪಿದೆ, ಒಂದು ಎಸ್ ಬಿಟ್ಟುಹೋಗಿದೆ. ಹುಬ್ಬಳ್ಳಿಯ ಒಬ್ಬರು ಕೊಳ್ಳುತ್ತೇನೆ ಅಂತಾರೆ, ಆದ್ರೆ ಮೊದಲು ಸ್ಟಿಕ್ಕರ್ ಕಿತ್ತು ತೋರಿಸು ಅಂತಾರೆ. ಕೀಳಲಾ?

ಧಾರವಾಡದ ನಾಣ್ಯಪ್ರಿಯ:
ದಯವಿಟ್ಟು ಕೀಳಬೇಡಿ! ಬಿಟ್‌ಕಾಯಿನ್ ತೆಗೆಯುವ ಗುಟ್ಟಿನ ಕೀ (ಪಾಸ್‌ವರ್ಡ್ ಥರದ ಅಕ್ಷರಸಾಲು) ಆ ಸ್ಟಿಕ್ಕರ್ ಅಡಿಯಲ್ಲೇ ಇರೋದು. ಅದರ ಫೋಟೋ ಯಾರಾದರೂ ಹೊಡೆದುಕೊಂಡರೆ ದುಡ್ಡು ಅವರದೇ. ಹಿತ್ತಾಳೆ ಅಂದಿದ್ದು ಒಳ್ಳೇ ಸುದ್ದಿ, ಈ ನಾಣ್ಯ ತಯಾರಿಸಿದ ಅಮೆರಿಕದ ಯೂಟಾದ ಮೈಕ್ ಕಾಲ್ಡ್‌ವೆಲ್ 2011ರ 1 ಬಿಟ್‌ಕಾಯಿನ್ ನಾಣ್ಯಗಳನ್ನು ಹಿತ್ತಾಳೆಯಲ್ಲೇ ಮಾಡಿದ್ದು. ಆ ಸ್ಪೆಲಿಂಗ್ ತಪ್ಪು 2011ರ ಮೊದಲ ಕಂತಿನ ಹೊಲೊಗ್ರಾಂನಲ್ಲಿ ನಿಜಕ್ಕೂ ಇತ್ತು, ಸಂಗ್ರಾಹಕರು ಅದನ್ನೇ ಹುಡುಕಿಕೊಂಡು ಹೋಗ್ತಾರೆ. ಒರೆಗಲ್ಲಿಗೆ ಮಾತ್ರ ಹಚ್ಚಲು ಬಿಡಬೇಡಿ, ಗೀರು ಬಿದ್ದರೆ ಬೆಲೆ ಇಳಿಯುತ್ತದೆ.

ಬ್ಲಾಕ್‌ಚೈನ್ ಬಸು:
ಆ ಎಂಟು ಅಕ್ಷರ ಬಿಟ್‌ಕಾಯಿನ್ ವಿಳಾಸದ (ಬ್ಯಾಂಕ್ ಖಾತೆ ನಂಬರ್ ಇದ್ದ ಹಾಗೆ) ಶುರುವಿನ ಭಾಗ. ಕ್ಯಾಸಾಶಿಯಸ್ ವಿಳಾಸಗಳ ಪಟ್ಟಿ ನೆಟ್‌ನಲ್ಲಿದೆ, ಅದರಲ್ಲಿ ಹೊಂದಿಸಿ ಪೂರ್ತಿ ವಿಳಾಸ ಹಿಡಿಯಿರಿ, ಆಮೇಲೆ ಬ್ಲಾಕ್ ಎಕ್ಸ್‌ಪ್ಲೋರರ್‌ನಲ್ಲಿ (ಬಿಟ್‌ಕಾಯಿನ್ ವ್ಯವಹಾರಗಳನ್ನು ತೋರಿಸುವ ವೆಬ್‌ಸೈಟ್) ಹಾಕಿ ನೋಡಿದರೆ ದುಡ್ಡು ಇನ್ನೂ ಇದೆಯೋ ಖರ್ಚಾಗಿದೆಯೋ ತಿಳಿಯುತ್ತದೆ. ಆದ್ರೆ ಜನ ಎಡವೋದು ಇಲ್ಲೇ. ಬ್ಯಾಲೆನ್ಸ್ ಇದೆ ಅಂದ್ರೆ ವಿಳಾಸ ನಿಜ ಅಂತ ಅಷ್ಟೇ, ನಿಮ್ಮ ಕೈಯಲ್ಲಿರೋ ನಾಣ್ಯ ನಿಜ ಅಂತಲ್ಲ. ಪಟ್ಟಿ ನೋಡಿ ಆ ಎಂಟು ಅಕ್ಷರ ಯಾರು ಬೇಕಾದರೂ ನಕಲಿ ಸ್ಟಿಕ್ಕರ್ ಮೇಲೆ ಅಚ್ಚು ಹಾಕಬಹುದು, ಅಲ್ವಾ?

ಧಾರವಾಡದ ನಾಣ್ಯಪ್ರಿಯ:
ಬಸು ಅಣ್ಣ ಹೇಳಿದ್ದು ಸರಿ. ಸ್ಟಿಕ್ಕರ್ ಅಂಚನ್ನು ಭೂತಗನ್ನಡಿ ಹಿಡಿದು ನೋಡಿ. ಕಿತ್ತರೆ ಜೇನುಗೂಡಿನಂಥ ಗುರುತು ಉಳಿಯುತ್ತದೆ. ಗುರುತಿಲ್ಲ ಅಂತ ಪೂರ್ತಿ ನಂಬಲೂ ಆಗಲ್ಲ, 2013ರ ಡೆಫ್‌ಕಾನ್ ಹ್ಯಾಕರ್ ಸಮ್ಮೇಳನದಲ್ಲಿ ಸೂಜಿಯಿಂದ ದ್ರಾವಕ ಬಿಟ್ಟು ಗುರುತು ಬೀಳದ ಹಾಗೆ ಬಿಡಿಸಿ ತೋರಿಸಿದ್ದರು. ಅದಕ್ಕೇ ನಾಣ್ಯ ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನೋ ದಾಖಲೆ ಬೇಕು. ಅಮೆರಿಕದ ನಾಣ್ಯ ಪರೀಕ್ಷಾ ಸಂಸ್ಥೆ ಎಎನ್‌ಎಸಿಎಸ್ ಇಂಥ ನಾಣ್ಯ ಪರೀಕ್ಷಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿಕೊಡುತ್ತದೆ. ಮಾರೋದಾದರೆ ಆ ದಾರಿ ಹಿಡಿಯಿರಿ.

ಗದಗಿನ ಹುಡುಗ:
ತುಂಬಾ ಥ್ಯಾಂಕ್ಸ್. ಪಟ್ಟಿಯಲ್ಲಿ ವಿಳಾಸ ಸಿಕ್ಕಿತು, ದುಡ್ಡು ಹಾಗೇ ಇದೆ. ಮಾವನಿಗೆ ಫೋನ್ ಮಾಡಿದ್ದೆ, ಕೊಂಡಾಗಿನ ಇಮೇಲ್ ಹುಡುಕ್ತಾ ಇದ್ದಾರೆ. ಹುಬ್ಬಳ್ಳಿಯವರಿಗೆ ಕೊಡಲ್ಲ ಅಂತ ಹೇಳಿಬಿಟ್ಟೆ.